ಮಾತ್ರೆ ಶುರು ಮಾಡುವ ಮುಂಚೆ ಬಿ.ಪಿ. ನೋಡಿಸಿದಿರಾ?

ಗರ್ಭನಿರೋಧಕ ಮಾತ್ರೆ, ಮುಟ್ಟು ಮುಂದೂಡುವ ಮಾತ್ರೆ, ಮೂರು ತಿಂಗಳ ಇಂಜೆಕ್ಷನ್, ಮುಟ್ಟು ನಿಂತ ಮೇಲಿನ ಹಾರ್ಮೋನ್ ಚಿಕಿತ್ಸೆ ಇವುಗಳ ಅಡ್ಡಪರಿಣಾಮದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಸ್ತ್ರೀರೋಗ ತಜ್ಞರ ಉತ್ತರಗಳು ಇಲ್ಲಿವೆ.

ಪ್ರ: ಡಾಕ್ಟರೇ, ನನಗೆ 29 ವರ್ಷ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಲು ಶುರು ಮಾಡಿ ಎರಡು ತಿಂಗಳಾಯಿತು. ಪ್ಯಾಕಿನೊಳಗಿನ ಚೀಟಿ ಓದಿದ ಮೇಲೆ ನಿದ್ದೆಯೇ ಬರುತ್ತಿಲ್ಲ. ರಕ್ತ ಹೆಪ್ಪುಗಟ್ಟುತ್ತದೆ, ಪಾರ್ಶ್ವವಾಯು ಬರಬಹುದು ಎಂದೆಲ್ಲ ಬರೆದಿದ್ದಾರೆ. ನಿಲ್ಲಿಸಿಬಿಡಲೇ?

ಉ: ಚೀಟಿ ಓದಿದ್ದು ಒಳ್ಳೆಯದೇ ಆಯಿತು. ಆದರೆ ಅದರಲ್ಲಿ ಆಗಬಹುದಾದದ್ದೆಲ್ಲ ಇರುತ್ತದೆಯೇ ಹೊರತು, ಯಾವುದು ಎಷ್ಟು ಮಂದಿಗೆ ಆಗುತ್ತದೆ ಎಂಬುದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಲೆಕ್ಕ ಹೇಳುತ್ತೇವೆ.

ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಕಾಲಿನ ಒಳರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟುತ್ತದೆ. ಈಸ್ಟ್ರೊಜೆನ್ ಜೊತೆಗೆ ಲೆವೊನಾರ್ಜೆಸ್ಟ್ರೆಲ್ ಅಥವಾ ನಾರೆಥಿಸ್ಟೆರೋನ್ ಇರುವ ಮಾತ್ರೆ ನುಂಗುವವರಲ್ಲಿ ಅದು 5ರಿಂದ 7. ಡ್ರೊಸ್ಪಿರಿನೋನ್, ಡೆಸೊಜೆಸ್ಟ್ರೆಲ್ ಅಥವಾ ಜೆಸ್ಟೊಡೀನ್ ಇರುವ ಮಾತ್ರೆಯಾದರೆ 9ರಿಂದ 12. ಯುರೋಪಿನ ಔಷಧ ಪ್ರಾಧಿಕಾರ 2013ರಲ್ಲಿ ಪರಿಶೀಲಿಸಿ ಕೊಟ್ಟ ಅಂಕಿಗಳಿವು. ಬಸುರಿಯಲ್ಲಿ ಈ ಅಪಾಯ ಮಾತ್ರೆಯ ಅಪಾಯಕ್ಕಿಂತ ಹೆಚ್ಚು, ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಂತೂ ಬಹಳ ಹೆಚ್ಚು. ಅಂದರೆ ಅಪಾಯ ನಿಜ, ಆದರೆ 10,000ದಲ್ಲಿ ಬೆರಳೆಣಿಕೆಯಷ್ಟು.

ಇದಕ್ಕೆ ಕಾರಣ ಮಾತ್ರೆಯೊಳಗಿನ ಎಥಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೊಜೆನ್. ಅದು ಯಕೃತ್ತಿಗೆ ಹೋಗಿ, ರಕ್ತ ಗಟ್ಟಿಯಾಗಿಸುವ ಅಂಶಗಳು ಹೆಚ್ಚಾಗುವಂತೆ ಮಾಡುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಎಸ್ ತಗ್ಗುತ್ತದೆ. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಗರ್ಭನಿರೋಧಕ ಮಾತ್ರೆಯಲ್ಲಿ 150 ಮೈಕ್ರೋಗ್ರಾಂ ಈಸ್ಟ್ರೊಜೆನ್ ಇತ್ತು. ಈಗಿನವುಗಳಲ್ಲಿ ಸಾಮಾನ್ಯವಾಗಿ 20ರಿಂದ 35 ಮೈಕ್ರೋಗ್ರಾಂ ಮಾತ್ರ. ನಿಮ್ಮ ನಿದ್ದೆ ಕೆಡಿಸಿದ ಆ ಚೀಟಿಯೂ ಇದೇ ಜಗಳದಿಂದ ಹುಟ್ಟಿದ್ದು. ಅಪಾಯವನ್ನು ಹೆಂಗಸರಿಗೆ ಹೇಳದೆ ಮಾತ್ರೆ ಕೊಡುತ್ತಿದ್ದಾರೆಂದು ಗಲಾಟೆಯಾಗಿ, 1970ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಯ ಜೊತೆ ಮಾಹಿತಿ ಚೀಟಿ ಕೊಡುವುದನ್ನು ಕಡ್ಡಾಯ ಮಾಡಿದರು.

ಒಂದು ವಿಷಯ ಗಮನಿಸಿ. ಹೆಪ್ಪುಗಟ್ಟುವ ಅಪಾಯ ಅತಿ ಹೆಚ್ಚಿರುವುದು ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ಕೆಲವು ತಿಂಗಳು. ನಾಲ್ಕು ವಾರಕ್ಕಿಂತ ಹೆಚ್ಚು ಬಿಟ್ಟು ಮತ್ತೆ ಶುರು ಮಾಡಿದರೆ ಆ ಅಪಾಯ ಪುನಃ ಮೇಲೇರುತ್ತದೆ. "ಮೈಗೆ ವಿಶ್ರಾಂತಿ ಕೊಡೋಣ" ಎಂದು ಆಗಾಗ ಎರಡು ಮೂರು ತಿಂಗಳು ಬಿಡುವವರು ಸುರಕ್ಷಿತವಾದ ಕಾಲವನ್ನು ಬಿಟ್ಟು ಅಪಾಯದ ಕಾಲಕ್ಕೇ ಮತ್ತೆ ಮತ್ತೆ ಮರಳುತ್ತಾರೆ. ಮಾತ್ರೆ ಬೇಡವೆನಿಸಿದರೆ ಪೂರ್ತಿ ಬಿಡಿ, ಬೇಕಿದ್ದರೆ ಬಿಡದೆ ತೆಗೆದುಕೊಳ್ಳಿ. ನಡುವೆ ಬಿಡುವು ಕೊಡುವುದರಿಂದ ಲಾಭವೇನೂ ಇಲ್ಲ.

ಯಾವಾಗ ಗಾಬರಿಯಾಗಬೇಕು? ಎರಡೂ ಕಾಲು ಸಂಜೆ ಹೊತ್ತಿಗೆ ಸ್ವಲ್ಪ ಊದಿಕೊಂಡರೆ ಅದಲ್ಲ. ಒಂದೇ ಕಾಲಿನ ಮೀನಖಂಡ ಬಿಗಿದು, ಮುಟ್ಟಿದರೆ ನೋವು, ಬಿಸಿ, ನಿಂತರೆ ಇನ್ನೂ ಹೆಚ್ಚು ಎಂದಾದರೆ ಅನುಮಾನ ಪಡಬೇಕು. ಹೊಲಿಗೆ ಟೇಪಿನಿಂದ ಅಳೆದು ನೋಡಬಹುದು. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ತೆಗೆಯಿರಿ. ವ್ಯತ್ಯಾಸ 3 ಸೆಂ.ಮೀ. ದಾಟಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ದಾಟದಿದ್ದರೂ ನೋವಿದ್ದರೆ ತೋರಿಸಿ, ಟೇಪು ಡಾಕ್ಟರಲ್ಲ. ಉಳುಕಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕಬೇಡಿ.

ದಿಢೀರನೆ ಉಸಿರು ಕಟ್ಟುವುದು, ದೀರ್ಘ ಉಸಿರೆಳೆದರೆ ಎದೆಯ ಒಂದು ಕಡೆ ಚುಚ್ಚುವುದು, ಕೆಮ್ಮಿದಾಗ ರಕ್ತ, ಮುಖ ಅಥವಾ ಕೈ ಒಂದು ಪಕ್ಕ ಸೋಲುವುದು, ಮಾತು ತೊದಲುವುದು, ದಿನದಿಂದ ದಿನಕ್ಕೆ ಏರುತ್ತ ವಾಂತಿ ತರುವ ಹೊಸ ತಲೆನೋವು ಇವು ತುರ್ತು ವಿಭಾಗಕ್ಕೇ ಹೋಗಬೇಕಾದವು. ಹೋದಾಗ ಮೊದಲ ಮಾತಿಗೇ "ನಾನು ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ" ಎನ್ನಿ. ಬಹಳ ಮಂದಿ ಇದನ್ನು ಔಷಧಿಯ ಲೆಕ್ಕಕ್ಕೇ ಸೇರಿಸುವುದಿಲ್ಲ, ಕೇಳಿದರೆ "ಯಾವ ಮಾತ್ರೆಯೂ ಇಲ್ಲ" ಎನ್ನುತ್ತಾರೆ.

ನೀವು ನಿಲ್ಲಿಸಬೇಕೇ ಎಂಬುದಕ್ಕೆ ಉತ್ತರ ಚೀಟಿಯಲ್ಲಿಲ್ಲ, ನಿಮ್ಮ ಮೈಯಲ್ಲಿದೆ. ಮುಂದಿನ ಪ್ರಶ್ನೆ ನೋಡಿ.

ಪ್ರ: ಮಾತ್ರೆ ಶುರು ಮಾಡುವ ಮೊದಲು ಯಾವ ಯಾವ ಟೆಸ್ಟ್ ಮಾಡಿಸಬೇಕು? ಔಷಧಿ ಅಂಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ.

ಉ: ಆರೋಗ್ಯವಾಗಿರುವವರಿಗೆ ರಕ್ತಪರೀಕ್ಷೆ, ಸ್ಕ್ಯಾನ್, ಒಳಪರೀಕ್ಷೆ ಯಾವುದೂ ಕಡ್ಡಾಯವಲ್ಲ. ಬೇಕಾದದ್ದು ಬಿ.ಪಿ. ನೋಡುವುದು ಮತ್ತು ಐದು ನಿಮಿಷದ ಮಾತು. ವಿಚಿತ್ರವೆಂದರೆ ದುಬಾರಿ ಟೆಸ್ಟ್ ಮಾಡಿಸಿಕೊಂಡವರೂ ಈ ಎರಡನ್ನೇ ಬಿಟ್ಟಿರುತ್ತಾರೆ.

ಈಸ್ಟ್ರೊಜೆನ್ ಇರುವ ಮಾತ್ರೆ ಯಾರಿಗೆ ಕೂಡದು ಎಂಬ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ. ಬಿ.ಪಿ. 160/100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಖಂಡಿತ ಬೇಡ, 140/90 ದಾಟಿದ್ದರೂ ಬೇರೆ ದಾರಿ ನೋಡುವುದೇ ಮೇಲು. 35 ದಾಟಿ ದಿನಕ್ಕೆ 15 ಅಥವಾ ಹೆಚ್ಚು ಸಿಗರೇಟು ಸೇದುವವರಿಗೆ ಬೇಡ, ಕಡಿಮೆ ಸೇದುವವರಿಗೂ ಒಳ್ಳೆಯದಲ್ಲ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರು, ಸ್ತನ ಕ್ಯಾನ್ಸರ್ ಇರುವವರು, ಯಕೃತ್ತಿನ ತೀವ್ರ ಕಾಯಿಲೆಯವರು ಮುಟ್ಟಲೇಬಾರದು. ಹಾಲುಣಿಸುವ ತಾಯಂದಿರು ಹೆರಿಗೆಯಾದ ಆರು ವಾರದೊಳಗೆ ತೆಗೆದುಕೊಳ್ಳಕೂಡದು, ಆರು ತಿಂಗಳವರೆಗೂ ತಡೆಯುವುದು ಲೇಸು. ಹಾಲುಣಿಸದವರೂ ಮೊದಲ ಮೂರು ವಾರ ಕಾಯಬೇಕು.

ಶುರು ಮಾಡಿ ಮೂರು ತಿಂಗಳಾದಾಗ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ. ಮಾತ್ರೆಯಿಂದ ಬಿ.ಪಿ. ಏರುವವರು ಕೆಲವರಿರುತ್ತಾರೆ. ಅದು ನೋವು ಕೊಡುವುದಿಲ್ಲ, ಯಂತ್ರ ಕಟ್ಟದೆ ತಿಳಿಯುವುದೂ ಇಲ್ಲ.

ತಾಯಿಗೆ ಸ್ತನ ಕ್ಯಾನ್ಸರ್ ಇತ್ತು ಎಂಬ ಒಂದೇ ಕಾರಣಕ್ಕೆ ಮಾತ್ರೆ ನಿಷಿದ್ಧವಲ್ಲ, ಹಲವರು ಹಾಗೆ ತಿಳಿದಿದ್ದಾರೆ. ಆದರೆ ಕುಟುಂಬದಲ್ಲಿ ದೋಷವಿರುವ ಜೀನ್ ಪತ್ತೆಯಾಗಿದ್ದರೆ ವಿಷಯ ಬೇರೆ, ತಜ್ಞರನ್ನು ಕಂಡೇ ನಿರ್ಧರಿಸಿ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ 45ರೊಳಗೆ ರಕ್ತ ಹೆಪ್ಪುಗಟ್ಟಿದ್ದಿದ್ದರೆ ಅದನ್ನಂತೂ ಮರೆಯದೆ ಹೇಳಿ.

ಪ್ರ: ನನಗೆ ಮೊದಲಿನಿಂದಲೂ ಅರೆತಲೆನೋವು. ಮಾತ್ರೆ ತೆಗೆದುಕೊಂಡ ಮೇಲೆ ನೋವಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಬರುತ್ತದೆ. ಇದು ಸಾಮಾನ್ಯವೇ?

ಉ: ಅಲ್ಲ. ಈ ಮಾತ್ರೆಯನ್ನು ಇಂದೇ ನಿಲ್ಲಿಸಿ, ಮುಂದಿನ ದಾರಿ ಗೊತ್ತಾಗುವವರೆಗೆ ಕಾಂಡೋಮ್ ಬಳಸಿ.

ವೈದ್ಯರು ಇದನ್ನು ಔರಾ ಎನ್ನುತ್ತಾರೆ. ನೋಟದ ನಡುವಿನಲ್ಲೆಲ್ಲೋ ಒಂದು ಚುಕ್ಕೆ ಹುಟ್ಟಿ, ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಹೊಳೆಯುತ್ತ ನಿಧಾನವಾಗಿ ಒಂದು ಪಕ್ಕಕ್ಕೆ ಹರಡುತ್ತದೆ. ಅದರ ಹಿಂದೆ ಕಾಣದ ಖಾಲಿ ಜಾಗ ಉಳಿಯುತ್ತದೆ. ಕೆಲವರಿಗೆ ಬೆರಳ ತುದಿಯಿಂದ ಜೋಮು ಹಿಡಿದು ಕೈಗುಂಟ ಏರಿ ತುಟಿ ಮುಟ್ಟುತ್ತದೆ. 5 ನಿಮಿಷದಿಂದ ಒಂದು ಗಂಟೆಯವರೆಗೆ ಇದ್ದು ಹೋಗುತ್ತದೆ, ಬೆನ್ನಿಗೇ ತಲೆನೋವು ಬರುತ್ತದೆ. ತಲೆನೋವಿರುವಾಗ ಬೆಳಕು ಸೇರದಿರುವುದು, ಎರಡೂ ಕಣ್ಣು ಮಂಜಾಗುವುದು ಔರಾ ಅಲ್ಲ. ಈ ವ್ಯತ್ಯಾಸ ಮುಖ್ಯ. ಔರಾ ಇರುವವರಿಗೆ ಮೊದಲೇ ಪಾರ್ಶ್ವವಾಯುವಿನ ಅಪಾಯ ಸ್ವಲ್ಪ ಹೆಚ್ಚು, ಈಸ್ಟ್ರೊಜೆನ್ ಸೇರಿದರೆ ಅದು ಇನ್ನೂ ಏರುತ್ತದೆ. ಹಾಗಾಗಿ ವಯಸ್ಸು ಎಷ್ಟೇ ಇರಲಿ, ಔರಾ ಇದ್ದರೆ ಈಸ್ಟ್ರೊಜೆನ್ ಮಾತ್ರೆ ಬೇಡ. ಗೆರೆ ಒಂದು ಗಂಟೆ ದಾಟಿಯೂ ಹೋಗದಿದ್ದರೆ ಅಥವಾ ಕೈ ಸೋತರೆ ಆಸ್ಪತ್ರೆಗೆ ಹೋಗಿ.

ಪ್ರೊಜೆಸ್ಟೋಜೆನ್ (ಮಾತ್ರೆಯಲ್ಲಿ ಈಸ್ಟ್ರೊಜೆನ್ ಜೊತೆಗಿರುವ ಇನ್ನೊಂದು ಹಾರ್ಮೋನ್) ಮಾತ್ರ ಇರುವ ಮಾತ್ರೆ, ಗರ್ಭಕೋಶದೊಳಗೆ ಇಡುವ ತಾಮ್ರದ ವಂಕಿ ಅಥವಾ ಹಾರ್ಮೋನ್ ವಂಕಿ ನಿಮಗೆ ಹೊಂದುತ್ತದೆ. ಪ್ರೊಜೆಸ್ಟೋಜೆನ್ ಮಾತ್ರೆಗೆ ಹೊತ್ತಿನ ಶಿಸ್ತು ಬೇಕು. ಲೆವೊನಾರ್ಜೆಸ್ಟ್ರೆಲ್ ಇರುವುದಾದರೆ 3 ಗಂಟೆ ತಡವಾದರೂ ರಕ್ಷಣೆ ಸಡಿಲವಾಗುತ್ತದೆ, ಡೆಸೊಜೆಸ್ಟ್ರೆಲ್ ಇರುವುದು 12 ಗಂಟೆಯವರೆಗೆ ತಾಳುತ್ತದೆ.

ಪ್ರ: 21 ಮಾತ್ರೆಯ ಪ್ಯಾಕಿನಲ್ಲಿ ನಡುವೆ ಎರಡು ಮರೆತುಹೋದವು. ಎರಡನ್ನೂ ಒಟ್ಟಿಗೆ ನುಂಗಿದೆ, ಇಡೀ ದಿನ ವಾಕರಿಕೆ. ತಪ್ಪು ಮಾಡಿದೆನೇ?

ಉ: ಅಪಾಯವೇನೂ ಆಗಿಲ್ಲ, ಆದರೆ ಎರಡನೆಯದು ದಂಡವಾಯಿತು.

ಒಂದೇ ಮಾತ್ರೆ ತಪ್ಪಿದ್ದರೆ, ಅಂದರೆ ನುಂಗಬೇಕಿದ್ದ ಹೊತ್ತಿನಿಂದ 48 ಗಂಟೆ ಆಗಿಲ್ಲದಿದ್ದರೆ, ನೆನಪಾದ ಕೂಡಲೇ ನುಂಗಿ. ಆ ದಿನದ್ದನ್ನು ಅದರ ಹೊತ್ತಿಗೆ ನುಂಗಿ, ಒಂದೇ ದಿನ ಎರಡಾದರೂ ಪರವಾಗಿಲ್ಲ. ಬೇರೆ ರಕ್ಷಣೆ ಬೇಕಿಲ್ಲ. 48 ಗಂಟೆ ದಾಟಿದ್ದರೆ, ಎರಡು ಅಥವಾ ಹೆಚ್ಚು ಮಾತ್ರೆ ತಪ್ಪಿದಂತೆ. ಆಗ ತಪ್ಪಿದವುಗಳಲ್ಲಿ ಕೊನೆಯದನ್ನು ಮಾತ್ರ ನುಂಗಿ, ಹಿಂದಿನವನ್ನು ಬಿಸಾಡಿ, ಉಳಿದವನ್ನು ದಿನಕ್ಕೊಂದರಂತೆ ಮುಂದುವರಿಸಿ. ಸತತ 7 ದಿನ ಮಾತ್ರೆ ನುಂಗುವವರೆಗೆ ಕಾಂಡೋಮ್ ಬಳಸಿ.

ಯಾವ ವಾರದಲ್ಲಿ ತಪ್ಪಿತು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಅಂಡಾಶಯ ಮಲಗಿರಲು 7 ದಿನದ ಮಾತ್ರೆ ಬೇಕು, 7 ದಿನ ಬಿಟ್ಟರೆ ಅದು ಏಳುವ ಹಂತಕ್ಕೆ ಬರುತ್ತದೆ. ಮಾತ್ರೆಯಿಲ್ಲದ ವಾರ ಮುಗಿಯುವ ಹೊತ್ತಿಗೆ ಅಂಡವೊಂದು ಬೆಳೆಯತೊಡಗಿರಬಹುದು. ಅದಕ್ಕೇ ಹೊಸ ಪ್ಯಾಕನ್ನು ಎರಡು ದಿನ ತಡವಾಗಿ ಶುರು ಮಾಡುವುದು ಎಲ್ಲಕ್ಕಿಂತ ಕೆಟ್ಟ ಮರೆವು. ನಡುವಾರದಲ್ಲಿ ಮರೆತವರು ಗಾಬರಿಪಡುತ್ತಾರೆ, ತಡವಾಗಿ ಶುರು ಮಾಡಿದವರು ನಿಶ್ಚಿಂತೆಯಿಂದಿರುತ್ತಾರೆ. ಆಗಬೇಕಾದದ್ದು ತಿರುಗುಮುರುಗು! ಮೊದಲ ವಾರದಲ್ಲಿ ಎರಡು ತಪ್ಪಿ, ಹಿಂದಿನ 5 ದಿನದೊಳಗೆ ಸಂಪರ್ಕವಾಗಿದ್ದರೆ ತುರ್ತು ಮಾತ್ರೆಯ ಬಗ್ಗೆ ಯೋಚಿಸಬೇಕು. ಕೊನೆಯ ವಾರದಲ್ಲಿ ತಪ್ಪಿದ್ದರೆ ಈ ಪ್ಯಾಕ್ ಮುಗಿದ ಮರುದಿನವೇ ಹೊಸದನ್ನು ಶುರು ಮಾಡಿ, ಬಿಡುವಿನ ವಾರ ಬೇಡ. ಆ ತಿಂಗಳು ಮುಟ್ಟಾಗುವುದಿಲ್ಲ, ಅದರಿಂದ ತೊಂದರೆಯೂ ಇಲ್ಲ.

ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ವಾಕರಿಕೆಯಿರುವವರು ರಾತ್ರಿ ಊಟವಾದ ಮೇಲೆ ತೆಗೆದುಕೊಂಡರೆ ಬಹುಪಾಲು ನಿದ್ದೆಯಲ್ಲೇ ಕಳೆದುಹೋಗುತ್ತದೆ. ಮೊದಲ ಮೂರು ತಿಂಗಳು ನಡುನಡುವೆ ಚುಕ್ಕೆ ಚುಕ್ಕೆ ರಕ್ತ ಕಾಣುವುದು ಸಹಜ, ಅದಕ್ಕಾಗಿ ಮಾತ್ರೆ ಬದಲಿಸಬೇಡಿ. ಆಮೇಲೂ ನಿಲ್ಲದಿದ್ದರೆ ತೋರಿಸಿ.

ಪ್ರ: ಮುಟ್ಟು ಮುಂದೂಡಲು ನಾರೆಥಿಸ್ಟೆರೋನ್ ಕೊಟ್ಟಿದ್ದಾರೆ. ಅದರಲ್ಲಿ ಈಸ್ಟ್ರೊಜೆನ್ ಇಲ್ಲವಾದ್ದರಿಂದ ಹೆಪ್ಪುಗಟ್ಟುವ ಭಯವಿಲ್ಲ ಅಲ್ಲವೇ? ಇದೇ ಗರ್ಭವನ್ನೂ ತಡೆಯುತ್ತದೆಯೇ?

ಉ: ಎರಡಕ್ಕೂ ಉತ್ತರ ಇಲ್ಲ ಎಂದೇ.

ಮುಟ್ಟು ಬರಬೇಕಾದ ದಿನಕ್ಕೆ 3 ದಿನ ಮುಂಚೆ ಶುರು ಮಾಡಿ, 5 ಮಿ.ಗ್ರಾಂ. ಮಾತ್ರೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳುವುದು ರೂಢಿ. ನಿಲ್ಲಿಸಿದ 2–3 ದಿನಕ್ಕೆ ಮುಟ್ಟಾಗುತ್ತದೆ. ದಿನಕ್ಕೆ 15 ಮಿ.ಗ್ರಾಂ. ದೊಡ್ಡ ಪ್ರಮಾಣ. ಪ್ಯಾಕಿನ ಮೇಲೆ ಈಸ್ಟ್ರೊಜೆನ್ ಎಂದು ಬರೆದಿಲ್ಲದಿದ್ದರೂ, ನಾರೆಥಿಸ್ಟೆರೋನಿನ ಒಂದು ಪಾಲು ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಆಗಿ ಮಾರ್ಪಡುತ್ತದೆ. ದಿನಕ್ಕೆ 10ರಿಂದ 20 ಮಿ.ಗ್ರಾಂ. ನುಂಗಿದರೆ 20ರಿಂದ 30 ಮೈಕ್ರೋಗ್ರಾಂ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಿದ ಹಾಗೆ. ಆದ್ದರಿಂದ ಹಿಂದೆ ಹೆಪ್ಪುಗಟ್ಟಿದ್ದವರು, ಔರಾ ಇರುವವರು, ಬಿ.ಪಿ. ಹೆಚ್ಚಿರುವವರು "ನಾಲ್ಕು ದಿನದ ಮಾತು" ಎಂದು ಅಂಗಡಿಯಿಂದ ತಂದು ನುಂಗಬಾರದು. ದೂರದ ಪ್ರಯಾಣಕ್ಕೆಂದೇ ಇದನ್ನು ತೆಗೆದುಕೊಳ್ಳುವವರು ಹೆಚ್ಚು, ಗಂಟೆಗಟ್ಟಲೆ ಕಾಲು ಮಡಚಿ ಕೂರುವುದೂ ಹೆಪ್ಪುಗಟ್ಟಲು ಇನ್ನೊಂದು ಕಾರಣ. ಹೆಪ್ಪುಗಟ್ಟುವ ಅಪಾಯವಿರುವವರಿಗೆ ಮೆಡ್ರಾಕ್ಸಿಪ್ರೊಜೆಸ್ಟೆರೋನ್ 10 ಮಿ.ಗ್ರಾಂ. ದಿನಕ್ಕೆ ಮೂರು ಸಲ ಕೊಡುವುದುಂಟು, ಅದು ಹೀಗೆ ಮಾರ್ಪಡುವುದಿಲ್ಲ. ಆದರೂ ವೈದ್ಯರು ನಿಮ್ಮ ಹಿನ್ನೆಲೆ ನೋಡಿಯೇ ಬರೆಯಬೇಕು.

ಈ ರೀತಿ ತೆಗೆದುಕೊಂಡ ನಾರೆಥಿಸ್ಟೆರೋನನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ. ನಿಲ್ಲಿಸಿ ಒಂದು ವಾರವಾದರೂ ಮುಟ್ಟಾಗದಿದ್ದರೆ ಗರ್ಭಪರೀಕ್ಷೆ ಮಾಡಿಕೊಳ್ಳಿ.

ಪ್ರ: ಮಾತ್ರೆಯಿಂದ ದಪ್ಪಗಾಗುತ್ತಾರಂತೆ, ಮುಂದೆ ಮಕ್ಕಳಾಗುವುದಿಲ್ಲವಂತೆ, ಹೌದೇ?

ಉ: ಗರ್ಭನಿರೋಧಕ ಮಾತ್ರೆ ತೂಕ ಏರಿಸುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ, ಕೆಲವರಿಗೆ ಸ್ವಲ್ಪ ನೀರು ಕಟ್ಟಬಹುದು. ಬಂಜೆತನವಂತೂ ಬರುವುದಿಲ್ಲ. ಬಿಟ್ಟ ಮರುತಿಂಗಳೇ ಗರ್ಭ ನಿಲ್ಲಬಹುದು. ಮನಸ್ಸು ಕುಗ್ಗುವುದನ್ನು ಮಾತ್ರ ಹಗುರವಾಗಿ ನೋಡಬೇಡಿ. 2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ದೊಡ್ಡ ಅಧ್ಯಯನದಲ್ಲಿ, ಹಾರ್ಮೋನ್ ಗರ್ಭನಿರೋಧಕ ಬಳಸುವವರಲ್ಲಿ, ಮುಖ್ಯವಾಗಿ ಹದಿಹರೆಯದವರಲ್ಲಿ, ಖಿನ್ನತೆಯ ಔಷಧಿ ಶುರು ಮಾಡಬೇಕಾದವರು ತುಸು ಹೆಚ್ಚು ಕಂಡಿದ್ದರು. ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಕಾರಣವಿಲ್ಲದೆ ಅಳು ಬಂದರೆ ಅದನ್ನು ಹೇಳಿಕೊಳ್ಳಿ, ಬೇರೆ ವಿಧಾನಗಳಿವೆ.

ಪ್ರ: ಕ್ಷಯಕ್ಕೆ ಚಿಕಿತ್ಸೆ ಶುರುವಾಗಿದೆ. ಗರ್ಭನಿರೋಧಕ ಮಾತ್ರೆ ಮುಂದುವರಿಸಬಹುದೇ?

ಉ: ಅದನ್ನು ನಂಬಬೇಡಿ. ಕ್ಷಯದ ಔಷಧಿಗಳಲ್ಲಿ ಮುಖ್ಯವಾದ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಹಾರ್ಮೋನನ್ನು ಬೇಗ ಒಡೆದು ಹಾಕುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ 4 ವಾರದವರೆಗೂ ಈ ಪ್ರಭಾವ ಉಳಿಯುತ್ತದೆ. ತಾಮ್ರದ ವಂಕಿ, ಹಾರ್ಮೋನ್ ವಂಕಿ ಮತ್ತು ಮೂರು ತಿಂಗಳ ಇಂಜೆಕ್ಷನ್‌ಗೆ ಈ ತೊಂದರೆ ಇಲ್ಲ.

ಫಿಟ್ಸ್ ಔಷಧಿಗಳಲ್ಲಿ ಕಾರ್ಬಮಜೆಪಿನ್, ಫೆನಿಟಾಯಿನ್, ಫೆನೊಬಾರ್ಬಿಟಾಲ್ ಕೂಡ ಹೀಗೆಯೇ. ಲಾಮೊಟ್ರಿಜಿನ್ ಕತೆ ಉಲ್ಟಾ. ಈಸ್ಟ್ರೊಜೆನ್ ಮಾತ್ರೆಯೇ ರಕ್ತದಲ್ಲಿ ಅದರ ಮಟ್ಟವನ್ನು ಅರ್ಧದಷ್ಟಕ್ಕೆ ಇಳಿಸಿಬಿಡಬಹುದು, ಹತೋಟಿಯಲ್ಲಿದ್ದ ಫಿಟ್ಸ್ ಮರಳಬಹುದು. ಮಾತ್ರೆ ಬಿಟ್ಟಾಗ ಮಟ್ಟ ಏರಿ ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು ಶುರುವಾಗಬಹುದು. ನರರೋಗ ವೈದ್ಯರಿಗೆ ಮೊದಲೇ ತಿಳಿಸಿ. ನೆಗಡಿ, ಗಂಟಲುನೋವಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಕೆಡಿಸುವುದಿಲ್ಲ.

ಪ್ರ: ಮೂರು ತಿಂಗಳ ಇಂಜೆಕ್ಷನ್ ತೆಗೆದುಕೊಂಡೆ, ಮುಟ್ಟೇ ನಿಂತುಹೋಗಿದೆ. ಕೆಟ್ಟ ರಕ್ತ ಒಳಗೇ ಉಳಿಯಿತೇ?

ಉ: ಒಳಗೆ ಏನೂ ಉಳಿದಿಲ್ಲ. ಗರ್ಭಕೋಶದ ಒಳಪದರ ತೆಳ್ಳಗಾಗಿದೆ, ಹೊರಗೆ ಹೋಗಬೇಕಾದದ್ದೇ ಇಲ್ಲ. ವರ್ಷವಾಗುವಷ್ಟರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ.

ಯೋಚಿಸಬೇಕಾದದ್ದು ಬೇರೆಯೇ ಇದೆ. 150 ಮಿ.ಗ್ರಾಂ. ಔಷಧಿ ಒಮ್ಮೆ ಒಳಗೆ ಹೋದರೆ ವಾಪಸು ತೆಗೆಯಲಾಗುವುದಿಲ್ಲ, ಅಡ್ಡಪರಿಣಾಮ ಬಂದರೆ ಅದು ಕರಗುವವರೆಗೂ ಸಹಿಸಬೇಕು. ಮೂಳೆಯ ಸಾಂದ್ರತೆ ತಗ್ಗುತ್ತದೆ, ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಎರಡು ವರ್ಷ ದಾಟಿ ಮುಂದುವರಿಸುವ ಮುನ್ನ ಬೇರೆ ವಿಧಾನವನ್ನು ಪರಿಗಣಿಸಬೇಕೆಂದು ಅಮೆರಿಕದ ಔಷಧ ಇಲಾಖೆ 2004ರಲ್ಲಿ ಎಚ್ಚರಿಸಿತು. ತೂಕ ಹೆಚ್ಚುವ ದೂರು ಮಾತ್ರೆಗಿಂತ ಇದರಲ್ಲಿ ನಿಜವಾಗುವುದು ಜಾಸ್ತಿ. ಮಗು ಬೇಕೆಂದು ಬಿಟ್ಟರೂ, ಕೊನೆಯ ಇಂಜೆಕ್ಷನ್ ಆದ ಮೇಲೆ ಗರ್ಭ ನಿಲ್ಲಲು ಸರಾಸರಿ 10 ತಿಂಗಳು ಹಿಡಿಯುತ್ತದೆ. ವರ್ಷದೊಳಗೆ ಮಗು ಬೇಕೆನ್ನುವವರು ಇದನ್ನು ಆರಿಸಿಕೊಳ್ಳಬಾರದು.

ಪ್ರ: ವಯಸ್ಸು 51. ಮುಟ್ಟು ನಿಂತ ಮೇಲೆ ಮೈ ಬಿಸಿಯೇರಿ ಬೆವರು ಕಿತ್ತು ಬರುತ್ತದೆ. ಹಾರ್ಮೋನ್ ಚಿಕಿತ್ಸೆ ಎಂದರೆ ಕ್ಯಾನ್ಸರ್ ಎಂದು ಹೆದರಿಸುತ್ತಾರೆ.

ಉ: ಆ ಹೆದರಿಕೆಯ ಮೂಲ 2002ರಲ್ಲಿ ಅಮೆರಿಕದಲ್ಲಿ ನಡುವೆಯೇ ನಿಲ್ಲಿಸಿದ ಒಂದು ದೊಡ್ಡ ಅಧ್ಯಯನ. ಎರಡು ಹಾರ್ಮೋನ್ ಒಟ್ಟಿಗೆ ನುಂಗಿದ 10,000 ಹೆಂಗಸರಲ್ಲಿ ವರ್ಷಕ್ಕೆ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8 ಹೆಚ್ಚಾಗಿ ಕಂಡವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು. ಆದರೆ ಅವರ ಸರಾಸರಿ ವಯಸ್ಸು 63, ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದವರು. ಬೆವರು, ಬಿಸಿ ತಾಳಲಾರದೆ 51ಕ್ಕೆ ಶುರು ಮಾಡುವ ನಿಮ್ಮ ಲೆಕ್ಕವೇ ಬೇರೆ.

ಗರ್ಭಕೋಶ ಇದ್ದರೆ ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಳ್ಳುವಂತಿಲ್ಲ. ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗುತ್ತದೆ, ಜೊತೆಗೆ ಪ್ರೊಜೆಸ್ಟೋಜೆನ್ ಬೇಕೇ ಬೇಕು. ಗರ್ಭಕೋಶ ತೆಗೆಸಿಕೊಂಡವರಿಗೆ ಪ್ರೊಜೆಸ್ಟೋಜೆನ್ ಸಾಮಾನ್ಯವಾಗಿ ಬೇಡ. ಹೆಪ್ಪುಗಟ್ಟುವ ಭಯವಿರುವವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಜೆಲ್ ಮೇಲು. ಅದು ಯಕೃತ್ತನ್ನು ಮೊದಲೇ ಹಾಯದೆ ನೇರ ರಕ್ತಕ್ಕೆ ಸೇರುವುದರಿಂದ ಮಾತ್ರೆಯಷ್ಟು ಹೆಪ್ಪುಗಟ್ಟಿಸುವುದಿಲ್ಲ. ಚಿಕಿತ್ಸೆ ಶುರುವಾಗಿ ಆರು ತಿಂಗಳಾದ ಮೇಲೂ ರಕ್ತ ಕಂಡರೆ ಸ್ಕ್ಯಾನ್ ಮಾಡಿಸಲೇಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದಕ್ಕೆ ಕೈ ಹಾಕಬಾರದು.

ಪ್ರ: ಮುಂದಿನ ತಿಂಗಳು ಮಂಡಿ ಆಪರೇಷನ್ ಇದೆ. ಮಾತ್ರೆ ನಿಲ್ಲಿಸಬೇಕೇ?

ಉ: ಹಲವು ದಿನ ಹಾಸಿಗೆ ಹಿಡಿಸುವ ಆಪರೇಷನ್ ಆದರೆ ಈಸ್ಟ್ರೊಜೆನ್ ಮಾತ್ರೆಯನ್ನು 4 ವಾರ ಮುಂಚೆ ನಿಲ್ಲಿಸುವುದು ವಾಡಿಕೆ. ಇವತ್ತೇ ಶಸ್ತ್ರವೈದ್ಯರಿಗೆ ಫೋನು ಮಾಡಿ ಕೇಳಿ, ದಿನ ಹತ್ತಿರ ಬಂದಿದೆ. ನಿಲ್ಲಿಸಿದ ದಿನದಿಂದ ಕಾಂಡೋಮ್ ಅಥವಾ ಪ್ರೊಜೆಸ್ಟೋಜೆನ್ ಮಾತ್ರೆ ಇರಲಿ, ಆಪರೇಷನ್ ಹೊತ್ತಿಗೆ ಗರ್ಭ ನಿಂತರೆ ಅದು ಇನ್ನೂ ದೊಡ್ಡ ಪೀಕಲಾಟ. ನಿಲ್ಲಿಸಲು ಮರೆತೇಹೋಗಿದ್ದರೆ ಮುಚ್ಚಿಡದೆ ಅರಿವಳಿಕೆ ವೈದ್ಯರಿಗೆ ಹೇಳಿ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಮತ್ತು ಕಾಲಿಗೆ ಬಿಗಿ ಸಾಕ್ಸ್ ಹಾಕಿ ಅವರು ಮುಂದುವರಿಯಬಹುದು. ಚೆನ್ನಾಗಿ ಓಡಾಡಲು ಶುರು ಮಾಡಿ ಎರಡು ವಾರ ಕಳೆದ ಮೇಲೆ ಮತ್ತೆ ಮಾತ್ರೆ ಶುರು ಮಾಡಬಹುದು.